ಮಳೆಗಾಲದ ತರಕಾರಿ: ಕರಾವಳಿ–ಮಲೆನಾಡಿನ ಮನೆಗಳಲ್ಲಿ ಸಂಗ್ರಹ ಮತ್ತು ಸಂರಕ್ಷಣೆಯ ಕ್ರಮಗಳು

ಪ್ರಸ್ತಾವನೆ

ಆಹಾರ ಸಂಸ್ಕೃತಿಯ ಅಧ್ಯಯನವೆಂದರೆ ಸಾಮಾನ್ಯವಾಗಿ ಅಡುಗೆಯ ಅಧ್ಯಯನವೆಂದೇ ತಿಳಿಯಲಾಗುತ್ತದೆ. ಯಾವ ಪ್ರದೇಶದಲ್ಲಿ ಯಾವ ಖಾದ್ಯ, ಯಾವ ಹಬ್ಬಕ್ಕೆ ಯಾವ ಭಕ್ಷ್ಯ, ಯಾವ ಸಮುದಾಯದಲ್ಲಿ ಯಾವುದು ನಿಷಿದ್ಧ ಎಂಬ ವಿವರಗಳಿಗೆ ಅಲ್ಲಿ ಪ್ರಾಧಾನ್ಯ ದೊರೆಯುತ್ತದೆ. ಬೇಯಿಸಬೇಕಾದ ಕಾಯಿಪಲ್ಲೆ ಒಲೆಯ ಬಳಿಗೆ ಬರುವ ಮುನ್ನ ಎಲ್ಲಿತ್ತು, ಎಷ್ಟು ತಿಂಗಳು ಇತ್ತು, ಕೆಡದೆ ಹೇಗೆ ಉಳಿಯಿತು ಎಂಬ ಪ್ರಶ್ನೆಗೆ ಅಷ್ಟು ಗಮನ ಸಲ್ಲುವುದಿಲ್ಲ. ಆದರೆ ವರ್ಷದ ನಾಲ್ಕು ತಿಂಗಳು ಮಳೆಯಿಂದ ಆವೃತವಾಗುವ ಪ್ರದೇಶದಲ್ಲಿ ಅಡುಗೆಯ ಸ್ವರೂಪವನ್ನು ನಿರ್ಧರಿಸುತ್ತಿದ್ದುದು ಬಹುಮಟ್ಟಿಗೆ ಈ ಪ್ರಶ್ನೆಯೇ.

ಕರ್ನಾಟಕದ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಘಟ್ಟದ ಅಂಚಿನ ಆಗುಂಬೆಯಂತಹ ಸ್ಥಳಗಳಲ್ಲಿ ಈ ಪ್ರಮಾಣ 7,000 ಮಿ.ಮೀ.ಯನ್ನು ದಾಟುವುದು ಅಪರೂಪವಲ್ಲ. ಇದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ ಸುರಿಯುತ್ತದೆ. ಈ ಕಾಲದಲ್ಲಿ ಗದ್ದೆಗಳು ಭತ್ತಕ್ಕೆ ಮೀಸಲಾಗುತ್ತವೆ. ಬಳ್ಳಿ ತರಕಾರಿಗಳ ಬುಡ ಕೊಳೆಯುತ್ತದೆ. ಹಿಂದೆ ಹಳ್ಳಹೊಳೆಗಳು ತುಂಬಿ ಸಂತೆಯ ದಾರಿಯೂ ಕಡಿಯುತ್ತಿತ್ತು. ತುಳುನಾಡಿನಲ್ಲಿ ಆಟಿ ತಿಂಗಳು ಅಭಾವದ ತಿಂಗಳೆಂದು ಹೆಸರಾದುದು ಈ ಕಾರಣದಿಂದ. ಕೆಸುವಿನ ಎಲೆಯ ಪತ್ರೊಡೆ, ತಗಟೆ ಸೊಪ್ಪು, ಕಳಲೆ, ಹಲಸಿನ ಬೀಜ ಇವೆಲ್ಲ ಇಂದು ಆಟಿಯ ವಿಶೇಷ ತಿನಿಸುಗಳಾಗಿ ಪ್ರದರ್ಶನಗೊಳ್ಳುತ್ತಿವೆಯಾದರೂ, ಮೂಲತಃ ಅವು ಕೊರತೆಯ ದಿನಗಳನ್ನು ದಾಟುವ ಆಹಾರಗಳಾಗಿದ್ದವು.

ಈ ಕೊರತೆಯನ್ನು ಎದುರಿಸಲು ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ರೂಪುಗೊಂಡ ಕ್ರಮಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಕ್ರಮಗಳನ್ನು ಬಿಡಿ ಪಾಕವಿಧಾನಗಳಾಗಿ ನೋಡುವುದಕ್ಕಿಂತ, ಪ್ರತಿಯೊಂದು ಕಾಯಿಪಲ್ಲೆಯ ಸ್ವಭಾವವನ್ನು ಅರಿತು ಅದಕ್ಕೆ ತಕ್ಕ ನೆಲೆಯನ್ನು ಗೊತ್ತುಪಡಿಸುವ ಒಂದು ವ್ಯವಸ್ಥೆಯಾಗಿ ನೋಡುವುದು ಹೆಚ್ಚು ಉಚಿತ. ಉಪ್ಪಿನ ಪ್ರಮಾಣ, ಪಾತ್ರೆ, ಮನೆಯ ಕಟ್ಟಡ, ಒಲೆಯ ಹೊಗೆ, ಋತುಮಾನ ಇವೆಲ್ಲವೂ ಆ ವ್ಯವಸ್ಥೆಯ ಅಂಗಗಳು. ಇವುಗಳಿಂದ ಬೇರ್ಪಡಿಸಿದ ಪಾಕವಿಧಾನ ಅಪೂರ್ಣವಾಗುತ್ತದೆ. ಕೆಲವೊಮ್ಮೆ ಅಪಾಯಕಾರಿಯೂ ಆಗಬಲ್ಲದು.

ಲಿಖಿತ ಆಕರಗಳು ಮತ್ತು ಅವುಗಳ ಮಿತಿ

ಕನ್ನಡದಲ್ಲಿ ಆಹಾರ ಸಂಬಂಧಿ ಬರವಣಿಗೆಗೆ ದೀರ್ಘ ಪರಂಪರೆಯಿದೆ. 11ನೆಯ ಶತಮಾನದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ ಕೃಷಿ, ವೈದ್ಯ, ಜಲಶೋಧನೆ ಮೊದಲಾದ ವಿಷಯಗಳ ಜೊತೆಗೆ ಸೂಪಶಾಸ್ತ್ರವನ್ನೂ ಒಳಗೊಂಡ ಕೃತಿ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಅನ್ನಭೋಗದ ವಿಸ್ತಾರವಾದ ವರ್ಣನೆಯಿದೆ. ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಪೂರ್ಣವಾಗಿ ಅಡುಗೆಗೆ ಮೀಸಲಾದ ಕೃತಿ. ಬದನೆ, ಬಾಳೆ, ಹಲಸು ಮೊದಲಾದವುಗಳಿಂದ ತಯಾರಿಸುವ ಪಾಕಗಳು ಅದರಲ್ಲಿ ನಿರೂಪಿತವಾಗಿವೆ. 1594ರ ಗುರುಲಿಂಗ ದೇಶಿಕನ ‘ಲಿಂಗಪುರಾಣ’ದಲ್ಲಿ ಐವತ್ತು ಬಗೆಯ ಉಪ್ಪಿನಕಾಯಿಗಳ ಪ್ರಸ್ತಾಪವಿರುವುದನ್ನು ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ ಅವರು ಗುರುತಿಸಿದ್ದಾರೆ.

ಉಪ್ಪಿನಲ್ಲಿ ಕಾಯಿಗಳನ್ನು ಕಾಪಿಡುವ ವಿದ್ಯೆ ಕನ್ನಡನಾಡಿನಲ್ಲಿ ಪ್ರಾಚೀನವಾದುದು, ವೈವಿಧ್ಯಪೂರ್ಣವಾದುದು ಎಂಬುದಕ್ಕೆ ಇಂತಹ ಆಕರಗಳು ಸಾಕ್ಷಿ. ಆದರೆ ಈ ಪರಂಪರೆಯ ಗ್ರಂಥಕರ್ತರು ಬಹುತೇಕ ಅರಮನೆ, ಮಠ ಮತ್ತು ವಿದ್ವತ್ ವಲಯಗಳಿಗೆ ಸೇರಿದ ಪುರುಷರು. ಬಡಿಸುವ ತಾಟಿನಲ್ಲಿ ಏನಿತ್ತು ಎಂಬುದು ಅವರ ಆಸಕ್ತಿಯ ಕೇಂದ್ರ. ಮಳೆಗಾಲಕ್ಕೆಂದು ಎಷ್ಟು ಸೌತೆಕಾಯಿ ಕಟ್ಟಬೇಕು, ಭರಣಿಯ ಬಾಯಿಗೆ ಬೂಷ್ಟು ಹಿಡಿದರೆ ಏನು ಮಾಡಬೇಕು ಎಂಬ ದಿನಬಳಕೆಯ ಜ್ಞಾನ ಹೆಂಗಸರ ನಡುವೆ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಸಾಗಿತು.

ತೂಗುವುದು ಮತ್ತು ಹೂಳುವುದು

ಸಂರಕ್ಷಣೆ ಎಂದೊಡನೆ ಉಪ್ಪು ಮತ್ತು ಬಿಸಿಲು ನೆನಪಾಗುವುದು ಸಹಜ. ಆದರೆ ಯಾವ ಸಂಸ್ಕರಣೆಯನ್ನೂ ಮಾಡದೆ, ಕಾಯಿಯನ್ನು ಕಾಯಿಯಾಗಿಯೇ ಉಳಿಸಿಕೊಳ್ಳುವುದು ಈ ವ್ಯವಸ್ಥೆಯ ಮೊದಲ ಮೆಟ್ಟಿಲು. ಕೊಯ್ದ ತರಕಾರಿಯೂ ಜೀವಂತ ವಸ್ತು. ಅದು ಉಸಿರಾಡುತ್ತದೆ, ನೀರನ್ನು ಕಳೆದುಕೊಳ್ಳುತ್ತದೆ, ಗಾಯವಾದಲ್ಲಿ ಸೋಂಕಿಗೆ ಒಳಗಾಗುತ್ತದೆ. ಈ ಮೂರನ್ನೂ ನಿಧಾನಗೊಳಿಸಿದರೆ ಅದರ ಆಯುಸ್ಸು ಹೆಚ್ಚುತ್ತದೆ.

ಕರಾವಳಿಯಲ್ಲಿ ಇದಕ್ಕೆ ಉತ್ತಮ ನಿದರ್ಶನ ಮಂಗಳೂರು ಸೌತೆ. ತುಳುವಿನಲ್ಲಿ ತೆಕ್ಕರೆ ಎಂದು ಕರೆಯುವ ಇದು ಸಸ್ಯಶಾಸ್ತ್ರದ ದೃಷ್ಟಿಯಿಂದ ಕರಬೂಜದ ಬಳಗಕ್ಕೆ ಸೇರಿದ್ದು, ಹಸಿಯಾಗಿ ತಿನ್ನುವ ಮುಳ್ಳುಸೌತೆಗಿಂತ ಭಿನ್ನವಾದುದು. ಭತ್ತದ ಕೊಯ್ಲಿನ ಅನಂತರ ಬೇಸಿಗೆಯಲ್ಲಿ ಬೆಳೆದ ಈ ಕಾಯಿಯನ್ನು ಚೆನ್ನಾಗಿ ಬಲಿತು ಬಣ್ಣ ತಿರುಗಿದ ಮೇಲೆ ತೊಟ್ಟುಸಹಿತ ಕೊಯ್ಯುತ್ತಾರೆ. ಬಾಳೆಯ ನಾರು ಅಥವಾ ತೆಳ್ಳನೆಯ ಹಗ್ಗದಿಂದ ಒಂದೊಂದನ್ನೂ ಪ್ರತ್ಯೇಕವಾಗಿ ಕಟ್ಟಿ, ಅಡುಗೆಮನೆ ಅಥವಾ ಜಗಲಿಯ ಮಾಡಿನ ಪಕ್ಕಾಸಿಗೆ ತೂಗುಹಾಕುತ್ತಾರೆ. ಹೀಗೆ ಕಟ್ಟಿದ ಸೌತೆ ಮಳೆಗಾಲವನ್ನು ದಾಟಿ ತಿಂಗಳುಗಟ್ಟಲೆ ಉಳಿಯುತ್ತದೆ.

ಈ ಕ್ರಮದ ಪ್ರತಿಯೊಂದು ಅಂಶಕ್ಕೂ ಕಾರಣವಿದೆ. ಎಳೆಯ ಕಾಯಿಗಿಂತ ಬಲಿತ ಕಾಯಿಯ ಸಿಪ್ಪೆ ಗಟ್ಟಿಯಾಗಿದ್ದು ನೀರಿನ ನಷ್ಟವನ್ನು ತಡೆಯುತ್ತದೆ. ತೊಟ್ಟು ಮುರಿದ ಜಾಗ ಶಿಲೀಂಧ್ರ ಪ್ರವೇಶಿಸುವ ಬಾಗಿಲು. ತೊಟ್ಟು ಉಳಿದರೆ ಬಾಗಿಲು ಮುಚ್ಚಿದಂತಾಗುತ್ತದೆ. ನೆಲದ ಮೇಲೆ ರಾಶಿ ಹಾಕಿದರೆ ಕಾಯಿ ಕಾಯಿಗೆ ತಾಗುವಲ್ಲಿ ತೇವ ನಿಲ್ಲುತ್ತದೆ, ಒಂದು ಕೊಳೆತರೆ ಅದರ ರಸ ಉಳಿದವುಗಳಿಗೆ ಹರಡುತ್ತದೆ. ತೂಗುಹಾಕಿದಾಗ ಸುತ್ತಲೂ ಗಾಳಿಯಾಡುತ್ತದೆ. ಕೆಟ್ಟದ್ದು ಒಡನೆ ಕಣ್ಣಿಗೆ ಬೀಳುತ್ತದೆ. ಗೀರು ಬಿದ್ದ, ಪೆಟ್ಟು ತಿಂದ ಕಾಯಿಗಳನ್ನು ಕಟ್ಟದೆ ಮೊದಲು ಸಾರು–ಹುಳಿಗೆ ಬಳಸುವುದು ಇದೇ ತಿಳಿವಳಿಕೆಯ ಮುಂದುವರಿಕೆ.

ಬೂದುಗುಂಬಳ ಮತ್ತು ಸಿಹಿಗುಂಬಳ ಇದೇ ವರ್ಗಕ್ಕೆ ಸೇರುತ್ತವೆ. ಬಲಿತ ಬೂದುಗುಂಬಳದ ಮೇಲಿನ ಬಿಳಿಯ ಪುಡಿ ಒಂದು ಬಗೆಯ ಮೇಣ. ಅದು ಒಳಗಿನ ನೀರು ಆರದಂತೆಯೂ ಹೊರಗಿನ ನೀರು ನಿಲ್ಲದಂತೆಯೂ ಕಾಪಾಡುತ್ತದೆ. ಕೂಡಿಡಬೇಕಾದ ಬೂದುಗುಂಬಳವನ್ನು ತೊಳೆಯಬಾರದು, ಬೂದಿಯನ್ನು ಒರೆಸಬಾರದು ಎಂಬ ಹಿರಿಯರ ಮಾತಿಗೆ ಆಧಾರ ಇಲ್ಲಿದೆ.

ಗೆಡ್ಡೆಗಳ ಸ್ವಭಾವ ಬೇರೆ. ಸುವರ್ಣಗೆಡ್ಡೆ, ಕೆಸುವಿನ ಗೆಡ್ಡೆ, ಶುಂಠಿ, ಮಾವಿನಶುಂಠಿ ಇವುಗಳಿಗೆ ಸೌತೆಯಂತಹ ರಕ್ಷಾಕವಚವಿಲ್ಲ; ಗಾಳಿಗೆ ತೂಗುಹಾಕಿದರೆ ಅವು ಸುಕ್ಕುಗಟ್ಟುತ್ತವೆ. ಆದ್ದರಿಂದ ಅಗೆದ ಗೆಡ್ಡೆಯನ್ನು ನೀರಿನಲ್ಲಿ ತೊಳೆಯದೆ, ಮಣ್ಣು ಉದುರಿಸಿ, ಕೆಲವು ದಿನ ನೆರಳಿನಲ್ಲಿ ಹರಡುತ್ತಾರೆ. ಈ ಅವಧಿಯಲ್ಲಿ ಅಗೆಯುವಾಗ ಆದ ಸಣ್ಣ ಗಾಯಗಳ ಮೇಲೆ ಒಣಪದರ ಕಟ್ಟುತ್ತದೆ. ಅನಂತರ ಒಣಮರಳು ಅಥವಾ ಒಣಮಣ್ಣಿನಲ್ಲಿ ಹುದುಗಿಸುತ್ತಾರೆ. ಹಲಸಿನ ಬೀಜವನ್ನು ತೊಳೆದು ಆರಿಸಿ, ಕೆಮ್ಮಣ್ಣಿನ ಕೆಸರನ್ನು ಬಳಿದು ಕೂಡಿಡುವ ಪದ್ಧತಿಯೂ ಇದೇ ತತ್ತ್ವವನ್ನು ಅನುಸರಿಸುತ್ತದೆ. ಕಾಳುಗಳಂತೆ ಹಲಸಿನ ಬೀಜವನ್ನು ಪೂರ್ಣ ಒಣಗಿಸಿದರೆ ಅದು ಗಡುಸಾಗಿ ರುಚಿಗೆಡುತ್ತದೆ. ಹಸಿಯಾಗಿಯೇ ಬಿಟ್ಟರೆ ಮೊಳೆಯುತ್ತದೆ ಅಥವಾ ಬೂಷ್ಟು ಹಿಡಿಯುತ್ತದೆ. ಮಣ್ಣಿನ ಲೇಪ ಇವೆರಡರ ನಡುವಿನ ಸ್ಥಿತಿಯನ್ನು ಕಾಯ್ದುಕೊಳ್ಳುತ್ತದೆ.

ಯಾವುದನ್ನು ತೂಗಬೇಕು, ಯಾವುದನ್ನು ಹೂಳಬೇಕು ಎಂಬ ಈ ವಿಂಗಡಣೆ ಇಡೀ ವ್ಯವಸ್ಥೆಯ ತಳಹದಿ. ಇದರಲ್ಲಿ ಉಳಿಯಲಾರದವುಗಳನ್ನು ಮಾತ್ರ ಉಪ್ಪಿಗೆ ಅಥವಾ ಬಿಸಿಲಿಗೆ ಒಪ್ಪಿಸಲಾಗುತ್ತದೆ.

ಉಪ್ಪಿನ ಕಾರ್ಯ

ಕರಾವಳಿಯ ಸಂರಕ್ಷಣೆಯಲ್ಲಿ ಉಪ್ಪಿಗೆ ಕೇಂದ್ರಸ್ಥಾನವಿರುವುದು ಭೌಗೋಳಿಕವಾಗಿಯೂ ಸಹಜ. ಗೋಕರ್ಣದ ಸಮೀಪದ ಸಾಣಿಕಟ್ಟಾದಂತಹ ಉಪ್ಪಿನಾಗರಗಳಿಂದ ಬರುತ್ತಿದ್ದ ಹರಳುಪ್ಪು ಘಟ್ಟದ ಮೇಲಿನ ಮನೆಗಳಿಗೂ ತಲುಪುತ್ತಿತ್ತು.

ಉಪ್ಪು ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದಾಗಿ, ಅದು ಕಾಯಿಯ ಒಳಗಿನ ನೀರನ್ನು ಹೊರಗೆಳೆದು ಸೂಕ್ಷ್ಮಜೀವಿಗಳಿಗೆ ನೀರು ದೊರೆಯದಂತೆ ಮಾಡುತ್ತದೆ. ಎರಡನೆಯದಾಗಿ, ಯಾವ ಜೀವಿಗಳು ಬೆಳೆಯಬಹುದು ಎಂಬುದನ್ನು ಆಯ್ಕೆ ಮಾಡುತ್ತದೆ. ಶೇ. 2ರಿಂದ 3ರಷ್ಟು ಉಪ್ಪಿನಲ್ಲಿ ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸುವ ಬ್ಯಾಕ್ಟೀರಿಯಗಳು ವೇಗವಾಗಿ ಬೆಳೆದು ತರಕಾರಿಯನ್ನು ಹುಳಿಯಾಗಿಸುತ್ತವೆ. ಪ್ರಮಾಣ ಶೇ. 10ನ್ನು ಮೀರಿದಂತೆ ಹುಳಿಯುವಿಕೆ ನಿಧಾನವಾಗುತ್ತದೆ, ಶೇ. 15ರಿಂದ 20ರ ವೇಳೆಗೆ ಬಹುತೇಕ ಬ್ಯಾಕ್ಟೀರಿಯಗಳ ಚಟುವಟಿಕೆ ನಿಲ್ಲುತ್ತದೆ. ಸಾಮಾನ್ಯ ಉಷ್ಣತೆಯಲ್ಲಿ ನೀರು ಕರಗಿಸಿಕೊಳ್ಳಬಲ್ಲ ಉಪ್ಪಿನ ಗರಿಷ್ಠ ಪ್ರಮಾಣ ತೂಕದಲ್ಲಿ ಸುಮಾರು ಶೇ. 26. ಅಡಿಯಲ್ಲಿ ಹರಳು ಕರಗದೆ ಉಳಿಯುವಷ್ಟು ಉಪ್ಪು ಹಾಕಬೇಕು ಎಂಬ ಮನೆಮಾತು ಸೂಚಿಸುವುದು ಈ ಗರಿಷ್ಠ ಮಿತಿಯನ್ನೇ.

ಉಪ್ಪಿನಲ್ಲಿ ಕಾಪಿಡುವ ವಸ್ತುಗಳಲ್ಲಿ ಹಲಸಿನ ಸೊಳೆ ಮುಖ್ಯವಾದುದು. ಹವ್ಯಕರಲ್ಲಿ ಉಪ್ಪಿನ ಸೊಳೆ ಎಂದೂ ತುಳುವಿನಲ್ಲಿ ಉಪ್ಪಡ್ ಪಚ್ಚಿಲ್ ಎಂದೂ ಇದಕ್ಕೆ ಹೆಸರು. ಬಲಿತಿದ್ದರೂ ಹಣ್ಣಾಗದ ಹಲಸನ್ನು ಕೊಯ್ದು, ಸೊಳೆ ಬಿಡಿಸಿ, ಬೀಜ ಮತ್ತು ಹೊರಪೊರೆಗಳನ್ನು ತೆಗೆದು, ಭರಣಿಯಲ್ಲಿ ಉಪ್ಪಿನೊಡನೆ ಒತ್ತಿ ತುಂಬುತ್ತಾರೆ. ಮೇಲೆ ಭಾರ ಹೇರುತ್ತಾರೆ. ಕೆಲವೇ ದಿನಗಳಲ್ಲಿ ಸೊಳೆಯಿಂದ ಹೊರಬಂದ ನೀರು ಉಪ್ಪನ್ನು ಕರಗಿಸಿಕೊಂಡು ಸೊಳೆಯನ್ನೇ ಮುಳುಗಿಸುತ್ತದೆ. ಬಳಸುವ ಹಿಂದಿನ ರಾತ್ರಿ ಬೇಕಾದಷ್ಟನ್ನು ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಹಲವು ಬಾರಿ ತೊಳೆದು ಉಪ್ಪು ಬಿಡಿಸುತ್ತಾರೆ. ಪಲ್ಯ, ಸೊಳೆ ರೊಟ್ಟಿ, ಉಂಡ್ಲಕಾಳು ಇವು ಇದರಿಂದ ತಯಾರಾಗುವ ತಿನಿಸುಗಳು. ಸಂಗ್ರಹಕ್ಕಾಗಿ ಹಾಕುವ ಉಪ್ಪು ಬೇರೆ, ಉಣ್ಣುವ ಉಪ್ಪು ಬೇರೆ ಎಂಬ ಸ್ಪಷ್ಟ ಅರಿವು ಈ ಕ್ರಮದಲ್ಲಿದೆ.

ಕಳಲೆಯ ವಿಷಯದಲ್ಲಿ ಇನ್ನೊಂದು ಎಚ್ಚರ ಸೇರಿಕೊಳ್ಳುತ್ತದೆ. ಹಸಿ ಕಳಲೆಯಲ್ಲಿ ಸಯನೈಡನ್ನು ಬಿಡುಗಡೆ ಮಾಡಬಲ್ಲ ಸಂಯುಕ್ತಗಳಿರುತ್ತವೆ. ಸಣ್ಣಗೆ ಹೆಚ್ಚಿ, ಎರಡು ಮೂರು ದಿನ ನೀರಿನಲ್ಲಿಟ್ಟು, ದಿನವೂ ನೀರು ಬದಲಿಸಿ, ಅನಂತರವೇ ಬೇಯಿಸುವ ಅಥವಾ ಉಪ್ಪಿಗೆ ಹಾಕುವ ರೂಢಿಯಿಂದ ಈ ವಿಷಾಂಶ ನಿವಾರಣೆಯಾಗುತ್ತದೆ. ಕಹಿ ತೆಗೆಯಲು ಎಂದು ಹೇಳಲಾಗುವ ಈ ಹಂತವನ್ನು ಸಮಯ ಉಳಿಸುವುದಕ್ಕಾಗಿ ಬಿಡುವಂತಿಲ್ಲ.

ಮಲೆನಾಡಿನ ಅಪ್ಪೆಮಿಡಿ ಉಪ್ಪಿನ ವಿದ್ಯೆಯ ಅತ್ಯಂತ ಪರಿಷ್ಕೃತ ರೂಪ. ಅಘನಾಶಿನಿ, ಶರಾವತಿ, ವರದಾ ಮೊದಲಾದ ಹೊಳೆಗಳ ದಂಡೆಯಲ್ಲಿ ಬೆಳೆಯುವ ಕಾಡುಮಾವಿನ ಈ ಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಗೊರಟು ಬಲಿಯುವ ಮುನ್ನ, ತೊಟ್ಟು ಉಳಿಸಿ, ನೆಲಕ್ಕೆ ಬೀಳದಂತೆ ಕೊಯ್ದ ಮಿಡಿ ಮಾತ್ರ ಇದಕ್ಕೆ ಯೋಗ್ಯ. ಉದುರಿ ಪೆಟ್ಟಾದ ಒಂದು ಮಿಡಿ ಇಡೀ ಭರಣಿಯನ್ನು ಕೆಡಿಸಬಲ್ಲದು. ಒಂದು ಪದರ ಮಿಡಿ, ಒಂದು ಪದರ ಉಪ್ಪಿನಂತೆ ತುಂಬಿ, ದಿನವೂ ಮಗುಚುತ್ತಿದ್ದರೆ ಮಿಡಿ ನೀರು ಬಿಟ್ಟು ಸುರುಟಿಕೊಳ್ಳುತ್ತದೆ. ಆ ಉಪ್ಪುನೀರನ್ನು ಬಸಿದು, ಕುದಿಸಿ, ಪೂರ್ತಿ ಆರಿಸಿ, ಅದರಲ್ಲೇ ಒಣಮೆಣಸು, ಸಾಸಿವೆ, ಅರಿಸಿನಗಳನ್ನು ಅರೆದು ಮತ್ತೆ ಮಿಡಿಗೆ ಸೇರಿಸುತ್ತಾರೆ. ಕುದಿಸುವುದರಿಂದ ಸೂಕ್ಷ್ಮಜೀವಿಗಳು ನಾಶವಾಗುತ್ತವೆ. ಅರೆದ ಸಾಸಿವೆಯಿಂದ ಬಿಡುಗಡೆಯಾಗುವ ಘಾಟಿನ ಸಂಯುಕ್ತಕ್ಕೆ ಸೂಕ್ಷ್ಮಜೀವಿಗಳನ್ನು ತಡೆಯುವ ಗುಣವಿದೆ. ಮಾವಿನ ಸಹಜ ಹುಳಿ ಇವುಗಳಿಗೆ ಬಲ ನೀಡುತ್ತದೆ. ಹೀಗೆ ಉಪ್ಪು, ಆಮ್ಲ ಮತ್ತು ಸಾಸಿವೆಯ ಮೂರು ಪಹರೆಗಳ ನಡುವೆ ಮಿಡಿ ವರ್ಷಗಟ್ಟಲೆ ಉಳಿಯುತ್ತದೆ. ಸೊನೆಯಲ್ಲಿರುವ ಪರಿಮಳದ್ರವ್ಯಗಳಿಂದಾಗಿ ಪ್ರತಿಯೊಂದು ಮರದ ಮಿಡಿಗೂ ಪ್ರತ್ಯೇಕ ವಾಸನೆಯಿದ್ದು, ಜೀರಿಗೆ ಮಿಡಿಯಂತಹ ಹೆಸರುಗಳು ಇದರಿಂದಲೇ ಬಂದಿವೆ.

ಬಿಸಿಲು ಮತ್ತು ಹೊಗೆ

ಒಣಗಿಸುವ ಕ್ರಮಕ್ಕೆ ಈ ಪ್ರದೇಶದಲ್ಲಿ ದೊರೆಯುವ ಅವಕಾಶ ಸೀಮಿತ. ಮಾರ್ಚ್‌ನಿಂದ ಮೇ ಮಧ್ಯದವರೆಗಿನ ಬಿಸಿಲಿನಲ್ಲಿ ವರ್ಷದ ಕೆಲಸ ಮುಗಿಯಬೇಕು. ಮಜ್ಜಿಗೆ ಮೆಣಸು, ಹಾಗಲಕಾಯಿ ಮತ್ತು ಗೋರಿಕಾಯಿಯ ಬಾಳಕ, ಬೂದುಗುಂಬಳದ ಸಂಡಿಗೆ, ಮಾವಿನಕಾಯಿಯ ಒಣಹೋಳು, ಹಲಸಿನ ಹಪ್ಪಳ, ಪುನರ್ಪುಳಿಯ ಸಿಪ್ಪೆ ಇವೆಲ್ಲ ಅಂಗಳದಲ್ಲಿ ಒಂದರ ಹಿಂದೊಂದು ಸ್ಥಾನ ಪಡೆಯುತ್ತವೆ.

ಬಾಳಕದ ತಯಾರಿಕೆಯಲ್ಲಿ ಮೂರು ತತ್ತ್ವಗಳು ಒಟ್ಟುಗೂಡಿವೆ. ಸೀಳಿದ ಹಸಿಮೆಣಸಿನಕಾಯಿಯನ್ನು ಉಪ್ಪು ಬೆರೆಸಿದ ಹುಳಿಮಜ್ಜಿಗೆಯಲ್ಲಿ ನೆನೆಸಿ, ಹಗಲು ಬಿಸಿಲಿಗೆ ಹರಡಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕುತ್ತಾರೆ. ಮಜ್ಜಿಗೆ ಪೂರ್ತಿ ಹೀರಿಹೋಗುವವರೆಗೆ ಇದು ನಡೆಯುತ್ತದೆ. ಇಲ್ಲಿ ಮಜ್ಜಿಗೆಯ ಆಮ್ಲ, ಉಪ್ಪು ಮತ್ತು ಶುಷ್ಕತೆ ಪರಸ್ಪರ ಪೂರಕ. ಗೋರಿಕಾಯಿಯಂತಹ ತರಕಾರಿಗಳನ್ನು ಒಣಗಿಸುವ ಮೊದಲು ಕುದಿಯುವ ಉಪ್ಪುನೀರಿನಲ್ಲಿ ತುಸು ಹೊತ್ತು ಬೇಯಿಸುವುದರಿಂದ ಬಣ್ಣ–ರುಚಿಗಳನ್ನು ಕೆಡಿಸುವ ಕಿಣ್ವಗಳು ನಿಷ್ಕ್ರಿಯವಾಗುತ್ತವೆ.

ಒಣಗಿದ್ದಕ್ಕೆ ಪರೀಕ್ಷೆ ಧ್ವನಿ. ಮುರಿದರೆ ಸದ್ದು ಬರಬೇಕು, ಬಾಗಬಾರದು. ಬಿಸಿಲಿನಿಂದ ತಂದೊಡನೆ ಡಬ್ಬಿಗೆ ತುಂಬಬಾರದು. ಬಿಸಿ ಆರುವ ಮೊದಲೇ ಮುಚ್ಚಿದರೆ ಒಳಗಿನ ಆವಿ ಮುಚ್ಚಳಕ್ಕೆ ತಾಗಿ ಹನಿಯಾಗುತ್ತದೆ. ಆದರೆ ಕರಾವಳಿಯಲ್ಲಿ ಒಣಗಿಸುವುದಕ್ಕಿಂತ ಒಣಗಿದ್ದನ್ನು ಒಣದಾಗಿಯೇ ಉಳಿಸಿಕೊಳ್ಳುವುದು ಕಠಿಣ. ಮಳೆಗಾಲದ ತೇವಭರಿತ ಗಾಳಿಯಿಂದ ಒಣಪದಾರ್ಥ ನೀರನ್ನು ಮರಳಿ ಹೀರಿಕೊಳ್ಳುತ್ತದೆ. ಇದಕ್ಕೆ ಹಳೆಯ ಮನೆಗಳು ಕಂಡುಕೊಂಡ ಪರಿಹಾರ ಒಲೆಯ ಮೇಲಿನ ಅಟ್ಟ. ನಿತ್ಯ ಉರಿಯುವ ಸೌದೆ ಒಲೆಯ ಶಾಖ ಅಲ್ಲಿನ ತೇವಾಂಶವನ್ನು ಕಡಿಮೆಗೊಳಿಸಿದರೆ, ಹೊಗೆ ಹುಳುಗಳನ್ನೂ ಬೂಷ್ಟನ್ನೂ ದೂರವಿಡುತ್ತಿತ್ತು. ಮಳೆ ಬಿಡುವು ಕೊಟ್ಟ ದಿನ ಡಬ್ಬಿಗಳಲ್ಲಿದ್ದುದಕ್ಕೆ ಬಿಸಿಲು ತೋರಿಸುವುದು ಇದಕ್ಕೆ ಪೂರಕ ಕ್ರಮ.

ಈ ಸಂದರ್ಭದಲ್ಲಿ ಬಯಲುಸೀಮೆಯೊಡನೆ ಹೋಲಿಕೆ ಉಪಯುಕ್ತ. ಒಣಹವೆಯ ಆ ಪ್ರದೇಶದಲ್ಲಿ ಬಾಳಕ, ಸಂಡಿಗೆ, ಒಣಮೆಣಸಿನಕಾಯಿಗಳನ್ನು ಕಾಪಾಡುವುದು ಸುಲಭ. ಈರುಳ್ಳಿ ಗಾಳಿಯಾಡುವ ನೆರಳಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1980ರ ದಶಕದಲ್ಲಿ ಪ್ರಚುರಪಡಿಸಿದ, ಎರಡು ಸಾಲು ಇಟ್ಟಿಗೆಗಳ ನಡುವೆ ಮರಳು ತುಂಬಿ ನೀರುಣಿಸುವ ವಿದ್ಯುತ್‌ರಹಿತ ಶೀತಲಕೋಶ ಬಯಲುಸೀಮೆಯ ಬೇಸಿಗೆಯಲ್ಲಿ ಸೊಪ್ಪುತರಕಾರಿಗಳಿಗೆ ಹೇಳಿಮಾಡಿಸಿದ್ದು. ನೀರು ಆವಿಯಾಗುವಾಗ ಆಗುವ ತಂಪನ್ನು ಅದು ಅವಲಂಬಿಸಿದೆ. ಗಾಳಿಯೇ ತೇವದಿಂದ ತುಂಬಿರುವ ಕರಾವಳಿಯ ಮಳೆಗಾಲದಲ್ಲಿ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಸಂರಕ್ಷಣೆಯ ಯಾವ ಕ್ರಮವೂ ಸಾರ್ವತ್ರಿಕವಲ್ಲ, ಅದು ಹವೆಗೆ ಬದ್ಧ ಎಂಬುದನ್ನು ಈ ಉದಾಹರಣೆ ಸ್ಪಷ್ಟಪಡಿಸುತ್ತದೆ.

ಅಳತೆ, ಲಕ್ಷಣ ಮತ್ತು ನಿಷೇಧ

ಮೌಖಿಕ ಪರಂಪರೆಯಲ್ಲಿ ಪ್ರಮಾಣಗಳನ್ನು ಸೇರು, ಪಾವು, ಕುಡ್ತೆಗಳಲ್ಲಿ ಹೇಳುವುದು ವಾಡಿಕೆ. ಇವು ಗಾತ್ರದ ಅಳತೆಗಳು, ತೂಕದವಲ್ಲ. ಹರಳುಪ್ಪಿನ ಕಣಗಳ ನಡುವೆ ಖಾಲಿ ಜಾಗ ಹೆಚ್ಚಿರುವುದರಿಂದ ಒಂದು ಸೇರು ಹರಳುಪ್ಪು ಒಂದು ಸೇರು ಪುಡಿಯುಪ್ಪಿಗಿಂತ ಹಗುರ. ಹಿರಿಯರು ಹರಳುಪ್ಪನ್ನು ಗಮನದಲ್ಲಿಟ್ಟುಕೊಂಡು ಹೇಳಿದ ಅಳತೆಯನ್ನು ಪುಡಿಯುಪ್ಪಿಗೆ ಅನ್ವಯಿಸಿದರೆ ಪ್ರಮಾಣ ಹೆಚ್ಚುತ್ತದೆ. ಪುಡಿಯುಪ್ಪಿನ ಅಳತೆಯನ್ನು ಹರಳುಪ್ಪಿಗೆ ಅನ್ವಯಿಸಿದರೆ ಕಡಿಮೆಯಾಗುತ್ತದೆ. ಇದರ ಪರಿಣಾಮ ಸಣ್ಣದಲ್ಲ. 10 ಕಿಲೋಗ್ರಾಂ ಸೊಳೆಗೆ 2 ಕಿಲೋಗ್ರಾಂ ಉಪ್ಪು ಸೇರಿಸಿದಾಗ ಒಟ್ಟು ತೂಕದಲ್ಲಿ ಉಪ್ಪಿನ ಪಾಲು ಸುಮಾರು ಶೇ. 17 ಆಗುತ್ತದೆ. 1 ಕಿಲೋಗ್ರಾಂ ಸೇರಿಸಿದರೆ ಶೇ. 9, ಅರ್ಧ ಕಿಲೋಗ್ರಾಂ ಆದರೆ ಶೇ. 5ಕ್ಕಿಂತ ಕಡಿಮೆ. ಮೊದಲನೆಯದು ವರ್ಷದ ಸಂಗ್ರಹ. ಕೊನೆಯದು ಕರಾವಳಿಯ ಸೆಕೆಯಲ್ಲಿ ಬೇಗ ಹುಳಿತು ಮೆತ್ತಗಾಗುವ ವಸ್ತು. ಹೆಸರು ಒಂದೇ ಆದರೂ ಇವು ಬೇರೆ ಬೇರೆ ಪದಾರ್ಥಗಳು.

ಅಳತೆಯ ಅನಿಶ್ಚಿತತೆಯನ್ನು ಲಕ್ಷಣಜ್ಞಾನ ತುಂಬಿಕೊಡುತ್ತಿತ್ತು. ಮಿಡಿ ಎಷ್ಟು ಸುರುಟಬೇಕು, ಉಪ್ಪುನೀರು ಎಲ್ಲಿಯವರೆಗೆ ನಿಲ್ಲಬೇಕು, ಯಾವ ವಾಸನೆ ಹಿತ, ಯಾವುದು ಕೆಡುಕಿನ ಸೂಚನೆ ಎಂಬುದನ್ನು ಜೊತೆಗಿದ್ದು ಕಲಿಯಬೇಕಾಗಿತ್ತು. ಉಪ್ಪುನೀರಿನ ಮೇಲೆ ಕಾಣಿಸಿಕೊಳ್ಳುವ ತೆಳುವಾದ ಬಿಳಿಯ ಪೊರೆ ಇದಕ್ಕೆ ಒಂದು ದೃಷ್ಟಾಂತ. ಇದು ಗಾಳಿ ಸೋಕಿದಲ್ಲಿ ಬೆಳೆಯುವ ಒಂದು ಬಗೆಯ ಯೀಸ್ಟ್. ತಾನಾಗಿ ಅದು ವಿಷಕಾರಿಯಲ್ಲ. ಆದರೆ ಆಮ್ಲವನ್ನು ಕಬಳಿಸಿ ಇತರ ಜೀವಿಗಳಿಗೆ ದಾರಿ ಮಾಡಿಕೊಡುತ್ತದೆ. ಆರಂಭದಲ್ಲೇ ತೆಗೆದು, ಭಾರವನ್ನು ಸರಿಪಡಿಸಿ, ಹೋಳುಗಳನ್ನು ಮತ್ತೆ ಮುಳುಗಿಸಬೇಕು. ಕಪ್ಪು, ಹಸಿರು, ಗುಲಾಬಿ ಬಣ್ಣದ ಬೂಷ್ಟು ಕಂಡರೆ ಅಥವಾ ಹೋಳು ಲೋಳೆಯಾಗಿದ್ದರೆ ಭರಣಿಯನ್ನೇ ತ್ಯಜಿಸಬೇಕಾಗುತ್ತದೆ.

ಸಂರಕ್ಷಣೆಯ ಸುತ್ತ ಬೆಳೆದ ಮಡಿ–ಮೈಲಿಗೆಯ ನಿಯಮಗಳನ್ನೂ ವಿವೇಚನೆಯಿಂದ ನೋಡಬೇಕು. ಒದ್ದೆ ಕೈ ಹಾಕಬಾರದು, ಎಂಜಲು ಚಮಚ ತಾಗಿಸಬಾರದು, ದೊಡ್ಡ ಭರಣಿಯನ್ನು ಪದೇ ಪದೇ ತೆರೆಯದೆ ಸಣ್ಣದಕ್ಕೆ ತೆಗೆದಿಟ್ಟುಕೊಳ್ಳಬೇಕು ಎಂಬ ನಿಯಮಗಳಿಗೆ ವೈಜ್ಞಾನಿಕ ಆಧಾರವಿದೆ. ನೀರು ಸೇರಿದಲ್ಲಿ ಉಪ್ಪಿನ ಸಾಂದ್ರತೆ ಕುಗ್ಗುತ್ತದೆ, ಎಂಜಲಿನಿಂದ ಸೋಂಕು ತಗಲುತ್ತದೆ. ಮುಟ್ಟಾದ ಹೆಂಗಸರ ನೆರಳಿನಿಂದ ಉಪ್ಪಿನಕಾಯಿ ಕೆಡುತ್ತದೆ ಎಂಬ ನಂಬಿಕೆಗೆ ಅಂತಹ ಆಧಾರವೇನೂ ಇಲ್ಲ. ಯಾವ ಹೆಂಗಸರ ಜ್ಞಾನದಿಂದ ಈ ಭರಣಿಗಳು ತುಂಬಿದವೋ ಅವರನ್ನೇ ತಿಂಗಳ ಕೆಲವು ದಿನ ಅವುಗಳಿಂದ ದೂರವಿಟ್ಟ ವೈರುಧ್ಯವನ್ನು ಜಾನಪದ ಅಧ್ಯಯನ ಮರೆಮಾಚಬೇಕಾಗಿಲ್ಲ.

ಬದಲಾದ ಮನೆ, ಬದಲಾದ ಅಪಾಯ

ಕಳೆದ ಕೆಲವು ದಶಕಗಳಲ್ಲಿ ಈ ವ್ಯವಸ್ಥೆಯ ಆಧಾರಸ್ತಂಭಗಳು ಒಂದೊಂದಾಗಿ ಸರಿದಿವೆ. ಕಾಂಕ್ರೀಟಿನ ಸೂರಿನಲ್ಲಿ ಸೌತೆ ಕಟ್ಟಲು ಪಕ್ಕಾಸುಗಳಿಲ್ಲ. ಅನಿಲದ ಒಲೆಯಿಂದ ಹೆಂಗಸರ ಕಣ್ಣು ಮತ್ತು ಶ್ವಾಸಕೋಶಗಳಿಗೆ ಬಿಡುಗಡೆ ದೊರೆತಿರುವುದು ನಿಜವಾದ ಲಾಭ. ಅದರೊಡನೆ ಹೊಗೆಯ ಅಟ್ಟ ಇಲ್ಲವಾಯಿತು. ರಸ್ತೆ ಮತ್ತು ಮಾರುಕಟ್ಟೆಗಳು ಆಷಾಢದಲ್ಲೂ ಟೊಮೆಟೊ, ಕೋಸುಗಳನ್ನು ತಲುಪಿಸುತ್ತಿವೆ. ಈ ಬದಲಾವಣೆಗಳನ್ನು ಹಿಂದಿರುಗಿಸುವುದು ಸಾಧ್ಯವೂ ಅಲ್ಲ, ಅಪೇಕ್ಷಣೀಯವೂ ಅಲ್ಲ.

ರೆಫ್ರಿಜರೇಟರ್ ಸೊಪ್ಪು, ಬೀನ್ಸ್, ಕ್ಯಾರೆಟ್‌ಗಳಿಗೆ ಉಪಕಾರಿ. ಆದರೆ ಉಷ್ಣವಲಯದ ಕಾಯಿಗಳಾದ ಸೌತೆ, ಬದನೆ, ಕುಂಬಳ, ಗೆಣಸು ಮೊದಲಾದವು ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ದಿನಗಟ್ಟಲೆ ಇದ್ದರೆ ಶೀತದ ಹಾನಿಗೆ ಒಳಗಾಗುತ್ತವೆ. ಮೈಮೇಲೆ ಕುಳಿ ಬೀಳುತ್ತದೆ, ಒಳಗೆ ಕಪ್ಪಾಗುತ್ತದೆ, ಹೊರತೆಗೆದೊಡನೆ ಕೊಳೆಯುತ್ತದೆ. ಆಲೂಗೆಡ್ಡೆಯ ಪಿಷ್ಟ ಶೀತದಲ್ಲಿ ಸಕ್ಕರೆಯಾಗುತ್ತದೆ. ಮಾಡಿಗೆ ಕಟ್ಟಿದರೆ ತಿಂಗಳುಗಟ್ಟಲೆ ಉಳಿಯುವ ಸೌತೆ ಫ್ರಿಜ್ಜಿನಲ್ಲಿ ವಾರಗಳಲ್ಲೇ ಕೆಡುವುದಕ್ಕೆ ಕಾರಣ ಯಂತ್ರದ ದೋಷವಲ್ಲ. ತೂಗುವುದು ಯಾವುದು, ಹೂಳುವುದು ಯಾವುದು ಎಂಬ ವಿಂಗಡಣೆ ಮರೆತು ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ಸೇರಿಸಿದುದರ ಫಲ ಅದು.

ಇದಕ್ಕಿಂತ ಗಂಭೀರವಾದ ಪ್ರಶ್ನೆ ಉಪ್ಪಿನದು. ವಯಸ್ಕರು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡಿದೆ. ಇದನ್ನು ಪಾಲಿಸುವ ಸದುದ್ದೇಶದಿಂದ ಅನೇಕರು ಹಳೆಯ ಪಾಕವಿಧಾನದಲ್ಲಿ ಉಪ್ಪನ್ನು ಮಾತ್ರ ಅರ್ಧಕ್ಕಿಳಿಸಿ, ಉಳಿದುದನ್ನು ಹಾಗೆಯೇ ಉಳಿಸಿಕೊಳ್ಳುತ್ತಾರೆ. ಬಾಟುಲಿಸಂ ಎಂಬ ಮಾರಕ ವಿಷಬಾಧೆಗೆ ಕಾರಣವಾಗುವ ಬ್ಯಾಕ್ಟೀರಿಯವನ್ನು ತಡೆಯುವ ಮುಖ್ಯ ಅಂಶಗಳು ಆಮ್ಲೀಯತೆ ಮತ್ತು ಉಪ್ಪು. ಆಮ್ಲಮಾನ 4.6 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಅಥವಾ ಉಪ್ಪುನೀರಿನ ಸಾಂದ್ರತೆ ಶೇ. 10ರಷ್ಟಿದ್ದರೆ ಅದು ಬೆಳೆಯಲಾರದು. ಮಾವು, ನಿಂಬೆ, ನೆಲ್ಲಿಗಳಿಗೆ ಸಹಜವಾದ ಹುಳಿಯ ರಕ್ಷಣೆಯಿದೆ. ಬೆಳ್ಳುಳ್ಳಿ, ಕಳಲೆ, ಬೇಯಿಸಿದ ತರಕಾರಿಗಳಿಗೆ ಅದಿಲ್ಲ. ಇವುಗಳ ಉಪ್ಪನ್ನು ತಗ್ಗಿಸಿ, ಮೇಲೆ ಎಣ್ಣೆ ತುಂಬಿ, ಹೊರಗಿಡುವುದು ಅಪಾಯಕರ. ಎಣ್ಣೆ ಗಾಳಿಯನ್ನು ತಡೆದು ಬೂಷ್ಟನ್ನು ನಿಲ್ಲಿಸಬಹುದು. ಗಾಳಿಯಿಲ್ಲದಲ್ಲೇ ಬೆಳೆಯುವ ಈ ಜೀವಿಗೆ ಅದೇ ಅನುಕೂಲ. ಉಪ್ಪು ಕಡಿಮೆ ಮಾಡಬೇಕಾದರೆ ಸಾಕಷ್ಟು ನಿಂಬೆರಸ ಅಥವಾ ವಿನೆಗರ್ ಸೇರಿಸಿ, ಸಣ್ಣ ಪ್ರಮಾಣದಲ್ಲಿ ತಯಾರಿಸಿ, ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸುವುದು ಉಚಿತ. ಇಲ್ಲವೇ ಪೂರ್ಣ ಉಪ್ಪಿನಲ್ಲಿ ಕಾಪಿಟ್ಟು, ಬಳಸುವಾಗ ನೆನೆಸಿ ಉಪ್ಪು ಬಿಡಿಸುವ ಸೊಳೆಯ ಮಾದರಿಯನ್ನು ಅನುಸರಿಸಬಹುದು.

ಸಸ್ಯಸಂಪತ್ತಿನ ನಷ್ಟವೂ ಇದರೊಡನೆ ಸೇರಿಕೊಂಡಿದೆ. ಮಿಡಿಗೆ ಬೆಲೆ ಬಂದಂತೆ ಕೊಂಬೆಗಳನ್ನೇ ಕಡಿದು ಕೊಯ್ಯುವುದರಿಂದ ಹೊಳೆದಂಡೆಯ ಹಳೆಯ ಮರಗಳು ಕ್ಷೀಣಿಸುತ್ತಿವೆ. ಸಾಗರ, ಶಿರಸಿ ಭಾಗದ ಕೃಷಿಕರು ಆಯ್ದ ಮರಗಳಿಂದ ಕಸಿಗಿಡ ಮಾಡಿ ತೋಟಗಳಲ್ಲಿ ಬೆಳೆಸುತ್ತಿರುವುದು ಆಶಾದಾಯಕ. ಯಾವ ಮರದ ಮಿಡಿ ಎಷ್ಟು ವರ್ಷ ತಾಳುತ್ತದೆ ಎಂಬ ಅನುಭವವಿದ್ದಲ್ಲಿ ಮಾತ್ರ ಇಂತಹ ಆಯ್ಕೆ ಸಾಧ್ಯವಾಗುತ್ತದೆ. ಆ ಅನುಭವ ಇರುವುದು ಭರಣಿಯನ್ನು ನೋಡಿಕೊಂಡವರಲ್ಲಿ.

ಸಮಾರೋಪ

ಮೈಸೂರಿನಲ್ಲಿ 1950ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಮತ್ತು 1961ರಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯಗಳಿಂದಾಗಿ ಆಹಾರ ಸಂರಕ್ಷಣೆಯ ವಿಜ್ಞಾನದಲ್ಲಿ ಕರ್ನಾಟಕಕ್ಕೆ ವಿಶಿಷ್ಟ ಸ್ಥಾನ ಲಭಿಸಿದೆ. ಜಾನಪದ ಸಂಗ್ರಹದಲ್ಲಿಯೂ ಕನ್ನಡದ ಸಾಧನೆ ಗಣನೀಯ. ಮನೆಮಟ್ಟದ ಸಂರಕ್ಷಣೆ ಇವೆರಡೂ ಕ್ಷೇತ್ರಗಳು ಕೂಡಿ ಅಧ್ಯಯನ ಮಾಡಬೇಕಾದ ವಿಷಯ.

ಅಂತಹ ದಾಖಲೀಕರಣ ಪದಾರ್ಥಗಳ ಪಟ್ಟಿಗೆ ನಿಲ್ಲಬಾರದು. ತರಕಾರಿಯ ಸ್ಥಳೀಯ ತಳಿ ಮತ್ತು ಕೊಯ್ಲಿನ ಹಂತ, ಉಪ್ಪಿನ ಬಗೆ ಮತ್ತು ತೂಕ, ಪಾತ್ರೆಯ ಸ್ವರೂಪ, ಇಟ್ಟ ಸ್ಥಳ, ಕೆಟ್ಟಾಗ ಕಾಣುವ ಲಕ್ಷಣ, ತ್ಯಜಿಸುವ ಮಾನದಂಡ ಇವೆಲ್ಲವೂ ದಾಖಲಾಗಬೇಕು. ಹೇಳಿಕೆಯ ಜೊತೆಗೆ ಹಿಡಿ, ಸೇರುಗಳನ್ನು ತಕ್ಕಡಿಗೆ ಹಾಕಿ ತೂಗಿ ಬರೆದುಕೊಳ್ಳಬೇಕು. ಸಾಧ್ಯವಾದಲ್ಲಿ ಆಮ್ಲಮಾನವನ್ನು ಅಳೆಯಬೇಕು. ತುಳು, ಹವ್ಯಕ, ಕುಂದಗನ್ನಡ, ಕೊಂಕಣಿ, ಬ್ಯಾರಿ ಮೊದಲಾದ ನುಡಿಗಳಲ್ಲಿ ಈ ಕೆಲಸಗಳಿಗಿರುವ ಕ್ರಿಯಾಪದಗಳನ್ನೂ ಲಕ್ಷಣವಾಚಕಗಳನ್ನೂ ಸಂಗ್ರಹಿಸಬೇಕು. ಸುರುಟು, ಮಗುಚು, ಉಪ್ಪು ಬಿಡಿಸು, ಬಿಸಿಲು ತೋರಿಸು ಎಂಬಂತಹ ಒಂದೊಂದು ಪದವೂ ಒಂದೊಂದು ಪ್ರಕ್ರಿಯೆಯ ಹೆಸರು.

ಈ ಕಾರ್ಯಕ್ಕೆ ಕಾಲದ ಮಿತಿಯಿದೆ. ಮನೆಗೆ ರೆಫ್ರಿಜರೇಟರ್ ಬರುವ ಮುನ್ನವೇ ಸಂಸಾರದ ಹೊಣೆ ಹೊತ್ತಿದ್ದ ಮಹಿಳೆಯರಲ್ಲಿ ಬಹುತೇಕರು ಇಂದು ಎಪ್ಪತ್ತರ ಆಚೆಗಿದ್ದಾರೆ. ಅವರಲ್ಲಿ ಅನೇಕರು ಇನ್ನೂ ಪ್ರತಿ ಬೇಸಿಗೆಯಲ್ಲಿ ಒಂದೆರಡು ಭರಣಿಗಳನ್ನಾದರೂ ತುಂಬುತ್ತಾರೆ. ಅವರು ಉಪ್ಪು ಹಾಕುವ ದಿನ ಪಕ್ಕದಲ್ಲಿ ತಕ್ಕಡಿ ಮತ್ತು ಪುಸ್ತಕ ಹಿಡಿದು ಕುಳಿತುಕೊಳ್ಳುವುದೇ ಈ ಕ್ಷೇತ್ರದ ಸಂಶೋಧಕರು ಮೊದಲು ಮಾಡಬೇಕಾದ ಕೆಲಸ.